ಮೊಣಕಾಲುದ್ದ ನೀರು

ಸಾಗರ ತಾಲ್ಲೂಕಿನ ಹೊಳೆಬಾಗಿಲಿನ ದಡದಲ್ಲಿ ನಿಂತರೆ ಕಣ್ಣು ಹಾಯಿಸಿದಷ್ಟೂ ನೀರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಇಲ್ಲಿ ಹೊಳೆಯಾಗಿ ಉಳಿಯಲಿಲ್ಲ. ಮಳೆಗಾಲ ಕಳೆದು ತುಂಬಿ ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳೊಳಗೆ ಚಾಚಿಕೊಂಡು 300 ಚದರ ಕಿ.ಮೀ.ಗೂ ಹೆಚ್ಚು ಜಾಗವನ್ನು ಹಿನ್ನೀರು ಹಿಡಿದಿರುತ್ತದೆ. ಅದೇ ತಾಲ್ಲೂಕಿನ ಸಾಗರ ಪೇಟೆಯಲ್ಲಿ ಗಣಪತಿ ಕೆರೆಯಿದೆ. ಕೆಳದಿಯ ಸದಾಶಿವ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ, ಸದಾಶಿವ ಸಾಗರವೆಂದು ಕರೆಸಿಕೊಂಡು ಊರಿಗೇ ಹೆಸರು ಕೊಟ್ಟ ಕೆರೆ ಇದು. ಹಿನ್ನೀರಿನ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಸುತ್ತ ಮನೆ, ಅಂಗಡಿ, ಬಸ್ಸಿನ ಸದ್ದು.

ಜನವರಿಯ ಬೆಳಿಗ್ಗೆ ನೀರುಹಕ್ಕಿ ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಕಳಿಸುವುದು ಹಿನ್ನೀರಿಗಲ್ಲ, ಇಂಥ ಪೇಟೆ ಕೆರೆಗೆ. ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಅಷ್ಟು ದೊಡ್ಡ ನೀರು, ಅಷ್ಟು ಕಾಡು, ಜನರ ಗಲಾಟೆಯಿಲ್ಲ; ಹಕ್ಕಿ ಅಲ್ಲಿರದೆ ಇಲ್ಲೇಕೆ ಇರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ಚಳಿಗಾಲದ ದಿನವನ್ನು ಕಳೆದರೆ ನೀರುಹಕ್ಕಿಗಳ ಬದುಕಿನ ಮುಖ್ಯ ಸಂಗತಿ ತಿಳಿಯುತ್ತದೆ. ಹಕ್ಕಿಗೆ ಬೇಕಾದದ್ದು ಎಷ್ಟು ನೀರು ಎಂಬುದಲ್ಲ, ಎಷ್ಟು ಆಳದ ನೀರು ಎಂಬುದು.

ಮಲೆನಾಡಿನ ಚಳಿಗಾಲದಲ್ಲಿ ಆರು ಗಂಟೆಗೆ ಕೆರೆಯ ಮೇಲೆ ಮಂಜು ಕೂತಿರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ನೀರು ರಾತ್ರಿ ಬೇಗ ತಣ್ಣಗಾಗುವುದಿಲ್ಲ, ಮೇಲಿನ ಗಾಳಿ ಮಾತ್ರ ತಣ್ಣಗಾಗಿರುತ್ತದೆ. ನೀರಿನಿಂದೆದ್ದ ಆವಿ ಆ ತಂಪಿಗೆ ಸಿಕ್ಕಿ ಸಣ್ಣ ಹನಿಗಳಾಗುತ್ತದೆ. ಈ ಹೊತ್ತಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಮೊದಲು ಕೇಳುವುದು ಸಾಮಾನ್ಯವಾಗಿ ಸಿಳ್ಳೆಬಾತುಗಳ ಎರಡೆಳೆಯ ಸಿಳ್ಳು. ರಾತ್ರಿ ಗದ್ದೆ, ಜೌಗುಗಳಲ್ಲಿ ಮೇದು ಬೆಳಗಿನ ಜಾವಕ್ಕೆ ಕೆರೆಗೆ ಮರಳುವ ಹಕ್ಕಿಗಳಿವು. ಹಗಲು ಗುಂಪಾಗಿ ತೇಲುತ್ತ ತೂಕಡಿಸುತ್ತವೆ. ಹಾಗಾಗಿ ಹಗಲಲ್ಲಿ ನೋಡಿದವರಿಗೆ ಇವು ಏನೂ ಮಾಡದ ಹಕ್ಕಿಗಳಂತೆ ಕಾಣುತ್ತವೆ. ಇವು ಹೊರಗಿನಿಂದ ಬಂದವಲ್ಲ, ಈ ನಾಡಿನವೇ. ಮರದ ಪೊಟರೆಯಲ್ಲಿ ಗೂಡು ಮಾಡುವ ಬಾತು ಎಂದರೆ ಹೊಸಬರು ಅಚ್ಚರಿಪಡುತ್ತಾರೆ. ಒಂದು ಕೆರೆಯಲ್ಲಿ ನೀರು, ಮೇವು ಕಡಿಮೆಯಾದರೆ ಇನ್ನೊಂದಕ್ಕೆ ಹೋಗುತ್ತವೆ. ಸೊರಬ, ಸಾಗರ ಸೀಮೆಯಲ್ಲಿ ಕೆರೆಗೆ ಬರವಿಲ್ಲದ ಕಾರಣ ಅವುಗಳಿಗೆ ಆಯ್ಕೆಯೂ ಇದೆ.

ಮಂಜು ಕರಗುತ್ತಿದ್ದಂತೆ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಕೆರೆಯನ್ನು ಒಟ್ಟಾಗಿ ನೋಡದೆ ನೀರಿನ ಆಳವನ್ನು ಊಹಿಸುತ್ತ ನೋಡುವುದನ್ನು ರೂಢಿಸಿಕೊಂಡರೆ ಒಳ್ಳೆಯದು. ತೀರ ಅಂಚಿನಲ್ಲಿ, ಒದ್ದೆ ಮಣ್ಣಿನ ಮೇಲೆ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವುದು ಸಿಪಿಲೆ. ಅದರ ಪಕ್ಕ, ಬಾಲದ ಜೊತೆ ಹಿಂಭಾಗವನ್ನೆಲ್ಲ ಕುಲುಕುವುದು ಗದ್ದೆಗೊರವ. ಇವೆರಡೂ ಕಾಲು ತೋಯಿಸುವುದು ಅಷ್ಟಕ್ಕಷ್ಟೆ. ನಾಲ್ಕು ಬೆರಳು ನೀರಿನಲ್ಲಿ ಕೊಳಬಕ ಕಲ್ಲಿನಂತೆ ನಿಂತಿರುತ್ತದೆ. ಚಳಿಗಾಲದಲ್ಲಿ ಅದು ಕೆಸರಿನ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿರುತ್ತದೆಂದರೆ ಹಾರಿದಾಗ ರೆಕ್ಕೆಯ ಬಿಳುಪು ಕಂಡ ಮೇಲಷ್ಟೇ ಅಲ್ಲೊಂದು ಹಕ್ಕಿಯಿತ್ತೆಂದು ಗೊತ್ತಾಗುವುದು. ಮೊಣಕಾಲುದ್ದ ನೀರಿಗೆ ದೊಡ್ಡ ಬೆಳ್ಳಕ್ಕಿ, ಬೂದು ಬಕ. ಅದಕ್ಕಿಂತ ಆಚೆ ಗುಳುಮುಳುಕ, ನೀರುಕಾಗೆ; ಅವು ಮುಳುಗಿ ಹಿಡಿಯುವವು.

ಹಕ್ಕಿಯ ಕಾಲಿನ ಉದ್ದ, ಕತ್ತಿನ ಉದ್ದ, ಕೊಕ್ಕಿನ ಆಕಾರ ಇವೆಲ್ಲ ಅದು ಬದುಕುವ ನೀರಿನ ಆಳಕ್ಕೆ ಹೊಂದಿದ ಅಳತೆಗಳು. ಬಾತುಗಳಲ್ಲಿ ಹಲವು ಮುಳುಗುವುದಿಲ್ಲ; ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಕತ್ತು ನಿಲುಕುವಷ್ಟು ಮಾತ್ರ ಕೆದಕುತ್ತವೆ. ಆ ನಿಲುಕು ಒಂದು, ಒಂದೂವರೆ ಅಡಿಯ ಆಸುಪಾಸು. ಅದಕ್ಕಿಂತ ಆಳದಲ್ಲಿ ಎಷ್ಟು ಬೀಜ, ಗೆಡ್ಡೆ, ಹುಳು ಇದ್ದರೂ ಅವುಗಳ ಪಾಲಿಗೆ ಇಲ್ಲದಂತೆಯೇ. ಅಷ್ಟೇ ಅಲ್ಲ, ಆಳದಲ್ಲಿ ಅವು ಇರುವುದೂ ಕಡಿಮೆ. ತಿಳಿಯಾದ ತೆಳುನೀರಿನಲ್ಲಿ ಬಿಸಿಲು ತಳದವರೆಗೆ ಇಳಿಯುತ್ತದೆ. ತಳದಲ್ಲಿ ಬೇರೂರಿದ ನೀರುಗಿಡ ಬೆಳೆಯುತ್ತದೆ. ಗಿಡಕ್ಕೆ ಅಂಟಿದ ಪಾಚಿಯನ್ನು ಬಸವನಹುಳು, ಕೀಟದ ಮರಿಗಳು ತಿನ್ನುತ್ತವೆ. ಅವನ್ನು ಮೀನಿನ ಮರಿ, ಕಪ್ಪೆ ತಿನ್ನುತ್ತವೆ. ಮೀನುಗಳು ಮೊಟ್ಟೆಯಿಡಲು ಬರುವುದೂ ಇದೇ ಅಂಚಿಗೆ. ಕೆರೆಯ ಊಟದ ಬಹುಪಾಲು ತಯಾರಾಗುವುದು ಸೊಂಟದ ಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ.

ತಾವರೆ, ನೈದಿಲೆಯ ಎಲೆ ಹರಡಿದ ಮೂಲೆಯಲ್ಲಿ ದೇವನಕ್ಕಿ ಇದ್ದರೆ ಅಲ್ಲಿ ಸ್ವಲ್ಪ ಹೊತ್ತು ಕೂರಲೇಬೇಕು. ದೇಹಕ್ಕೆ ಹೋಲಿಸಿದರೆ ಅತಿ ಎನಿಸುವಷ್ಟು ಉದ್ದದ ಬೆರಳುಗಳು ಅದರ ತೂಕವನ್ನು ಎಲೆಯ ಮೇಲೆಲ್ಲ ಹಂಚುತ್ತವೆ; ಎಲೆ ಮುಳುಗುವುದಿಲ್ಲ. ಬಾಲದ ದೇವನಕ್ಕಿಗೆ ಚಳಿಗಾಲದಲ್ಲಿ ಆ ಉದ್ದನೆಯ ಬಾಲ ಇರುವುದಿಲ್ಲ. ಮಳೆಗಾಲದ ಸಂಸಾರ ಮುಗಿಸಿ ಉದುರಿಸಿಕೊಂಡಿರುತ್ತದೆ. ಆ ಸಂಸಾರವೂ ವಿಶೇಷದ್ದೇ. ಹೆಣ್ಣು ದೊಡ್ಡದು, ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಗಂಡಿನ ಕೆಲಸ. ಕೆಲವು ಜಾತಿಯ ದೇವನಕ್ಕಿಗಳಲ್ಲಿ ಅಪಾಯ ಕಂಡರೆ ತಂದೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ನಡೆಯುತ್ತಾನೆ. ತೇಲುವ ಎಲೆಯ ಮೇಲಿನ ಗೂಡು ನೀರೇರಿದಾಗ, ಗಾಳಿ ಬೀಸಿದಾಗ ಹಾಳಾಗುವುದು ಹೆಚ್ಚು. ಮೊಟ್ಟೆ ಕಳೆದುಕೊಂಡ ಗಂಡಿಗೆ ಹೆಣ್ಣು ಬೇಗ ಇನ್ನೊಂದು ಸಲ ಮೊಟ್ಟೆಯಿಟ್ಟು ಕೊಡಬಲ್ಲಳು. ಇಂಥ ವ್ಯವಸ್ಥೆ ಬೆಳೆದುಬಂದದ್ದಕ್ಕೆ ಇದೂ ಒಂದು ಕಾರಣವೆಂದು ಪಕ್ಷಿತಜ್ಞರು ಭಾವಿಸುತ್ತಾರೆ.

ಪಕ್ಕದ ಜೊಂಡಿನಲ್ಲಿ ನೇರಳೆ ಜಂಬುಕೋಳಿ. ಜೊಂಡಿನ ದಂಟನ್ನು ಒಂದು ಕಾಲಿನಲ್ಲಿ ಹಿಡಿದು ಬಾಯಿಗೊಯ್ದು ಕಚ್ಚುತ್ತದೆ. ನೀರುಹಕ್ಕಿಗಳಲ್ಲಿ ಹೀಗೆ ಕಾಲನ್ನು ಕೈಯಂತೆ ಬಳಸುವವು ಕಡಿಮೆ.

ಕೆರೆಯಲ್ಲಿ ಈಗ ಕಾಣುವವರಲ್ಲಿ ಎರಡು ಬಗೆ. ಒಂದು, ಮಳೆಗಾಲದಲ್ಲಿ ಇನ್ನೆಲ್ಲೋ ಗೂಡು ಕಟ್ಟಿ ಈಗ ಚದುರಿ ಬಂದ ಸ್ಥಳೀಯರು. ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ, ತುಂಗೆಯ ನಡುವಿನ ಮರಗಳಲ್ಲಿ, ಜುಲೈಯಿಂದ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು ತುಂಬಿರುತ್ತದೆ. ಸೊರಬ ತಾಲ್ಲೂಕಿನ ಗುಡವಿಯಲ್ಲೂ ಹಾಗೆಯೇ. ಮರಿ ಹಾರಿದ ಮೇಲೆ ಮಂಡಗದ್ದೆಯ ಮರಗಳು ಖಾಲಿ. ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ನಿರಾಶರಾಗುವ ಪ್ರವಾಸಿಗರು ಎಷ್ಟೋ. ಮರಿ ಸಾಕುವಾಗ ಒಂದೇ ಕಡೆ ಗುಂಪಾಗಿದ್ದ ಹಕ್ಕಿಗಳು ಆಮೇಲೆ ಊಟ ಹುಡುಕುತ್ತ ಹರಡುತ್ತವೆ, ಹರಡಿದಾಗ ಸುತ್ತಲಿನ ಸಣ್ಣ ಕೆರೆಗಳೆಲ್ಲ ಅವಕ್ಕೆ ಬೇಕು. ಗೂಡಿನ ಮರಕ್ಕೆ ಪಕ್ಷಿಧಾಮವೆಂದು ಬೇಲಿ ಹಾಕಿದರೆ ಅವುಗಳ ವರ್ಷದ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಬೇಲಿಯೊಳಗೆ ಬಂದಂತಾಗುತ್ತದೆ.

ಇನ್ನೊಂದು ಬಗೆ ದೂರದವರು. ಬೂದು ಸಿಪಿಲೆ ಹಿಮಾಲಯದ ಮತ್ತು ಅದರಾಚೆಯ ತೊರೆಗಳ ಬಳಿ ಮರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ, ಇಲ್ಲಿನ ಮಳೆ ಪೂರ್ತಿ ಬಿಡುವ ಮೊದಲೇ ಬಂದಿರುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ, ಕಲ್ಲುಹಾಸಿನ ಅಂಗಳದಲ್ಲಿ ಅದು ಓಡಾಡಿದರೆ ಚಳಿಗಾಲ ಶುರುವಾಯಿತೆಂದೇ ಲೆಕ್ಕ. ಇಪ್ಪತ್ತು ಗ್ರಾಂ ಆಸುಪಾಸಿನ ಕವಲುತೋಕೆಗಳು ಕೆರೆಯ ಮೇಲೆ ಕೀಟ ಹಿಡಿಯುತ್ತ ಸುತ್ತುತ್ತವೆ, ಸಂಜೆ ಪೇಟೆಯ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುತ್ತವೆ. ಬಿಳಿಹುಬ್ಬಿನ ಬಾತು ಬಂದರೆ ಅದು ಯುರೋಪು, ಮಧ್ಯ ಏಷ್ಯಾ, ಸೈಬೀರಿಯದ ಕಡೆಯ ಹಕ್ಕಿ. ಅಕ್ಟೋಬರಿನಲ್ಲಿ ನೋಡಿದರೆ ಗಂಡು ಹೆಣ್ಣು ಒಂದೇ ಥರ ಕಂದು. ಮರಿ ಮಾಡುವ ಕಾಲ ಮುಗಿದ ಮೇಲೆ ಬಾತುಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಕೆಲವು ವಾರ ಹಾರಲಾರದೆ ಇರುತ್ತವೆ. ಆ ದಿನಗಳಲ್ಲಿ ಗಂಡಿಗೆ ಹೊಳೆಯುವ ಬಣ್ಣವಿದ್ದರೆ ಬೇಟೆಗಾರ ಪ್ರಾಣಿಗೆ ಸುಲಭದ ತುತ್ತು. ಅದಕ್ಕೇ ಮಂಕು ಗರಿ. ಚಳಿಗಾಲ ಕಳೆಯುವಷ್ಟರಲ್ಲಿ ಗಂಡಿನ ಕಣ್ಣ ಮೇಲಿನ ಬಿಳಿಹುಬ್ಬು ಎದ್ದು ಕಾಣುತ್ತದೆ.

ಇವುಗಳಿಗೆ ಹೊರಡುವ ಹೊತ್ತನ್ನು ತಿಳಿಸುವುದು ಮುಖ್ಯವಾಗಿ ಹಗಲಿನ ಉದ್ದ. ಚಳಿ ಒಂದು ವರ್ಷ ಬೇಗ, ಒಂದು ವರ್ಷ ತಡ. ಹಗಲು ಕುಗ್ಗುವುದು ಮಾತ್ರ ಎಂದೂ ತಪ್ಪುವುದಿಲ್ಲ. ವಲಸೆಯ ಕಾಲ ಬಂದಾಗ ಪಂಜರದ ಹಕ್ಕಿಯೂ ರಾತ್ರಿಯೆಲ್ಲ ಚಡಪಡಿಸುತ್ತದೆ. ಅಮೆರಿಕದ ವಿಜ್ಞಾನಿ ಸ್ಟೀಫನ್ ಎಮ್ಲೆನ್ 1960ರ ದಶಕದಲ್ಲಿ ಈ ಚಡಪಡಿಕೆಯನ್ನೇ ಅಳತೆಗೋಲು ಮಾಡಿಕೊಂಡರು. ಆಲಿಕೆಯಾಕಾರದ ಕಾಗದದ ಬುಡದಲ್ಲಿ ಶಾಯಿಯ ಮೆತ್ತೆಯಿಟ್ಟು ಅದರ ಮೇಲೆ ಹಕ್ಕಿಯನ್ನು ಬಿಟ್ಟರೆ, ಅದು ಯಾವ ದಿಕ್ಕಿಗೆ ನೆಗೆಯುತ್ತದೋ ಆ ಕಡೆ ಕಾಗದದ ಮೇಲೆ ಹೆಜ್ಜೆಯ ಗುರುತು ದಟ್ಟವಾಗುತ್ತದೆ. ಇದನ್ನು ತಾರಾಲಯದೊಳಗಿಟ್ಟು ಕೃತಕ ಆಕಾಶವನ್ನು ಬದಲಿಸಿದಾಗ ಹಕ್ಕಿಯ ದಿಕ್ಕೂ ಬದಲಾಯಿತು. ರಾತ್ರಿ ಹಾರುವ ಹಕ್ಕಿಗಳು ನಕ್ಷತ್ರ ನೋಡಿ ದಾರಿ ಹಿಡಿಯುತ್ತವೆ ಎಂಬುದಕ್ಕೆ ಹೀಗೆ ಪುರಾವೆ ಸಿಕ್ಕಿತು. ಭೂಮಿಯ ಕಾಂತಕ್ಷೇತ್ರ, ಸೂರ್ಯ, ಕಂಡ ಗುರುತುಗಳು ಇವನ್ನೂ ಅವು ಬಳಸುತ್ತವೆ. ಕಾಲಿಗೆ ಉಂಗುರ ತೊಡಿಸಿ ಮಾಡಿದ ಅಧ್ಯಯನಗಳಿಂದ ಅನೇಕ ವಲಸೆ ಹಕ್ಕಿಗಳು ವರ್ಷ ವರ್ಷವೂ ಅದೇ ಜಾಗಕ್ಕೆ ಮರಳುತ್ತವೆಂದು ತಿಳಿದಿದೆ. ಕಳೆದ ವರ್ಷ ನಿಮ್ಮ ಅಂಗಳದಲ್ಲಿದ್ದ ಸಿಪಿಲೆಯೇ ಈ ವರ್ಷವೂ ಬಂದಿರಬಹುದು. ಆ ಜಾಗ ಕೆಟ್ಟಿದ್ದರೆ ಅಷ್ಟು ದೂರ ಹಾರಿ ಬಂದ ಮೇಲೆ ಅದು ಹೊಸದಾಗಿ ಹುಡುಕಬೇಕು.

ಹೆಬ್ಬಾತುಗಳ ವಿಷಯ ಇಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ಎಲ್ಲರೂ ಕೇಳುತ್ತಾರೆ. ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿರುವ ಪಟ್ಟೆತಲೆ ಹೆಬ್ಬಾತನ್ನು ಗುಂಪುಗುಂಪಾಗಿ ನೋಡಬೇಕಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅವು ಕೆರೆಯಲ್ಲಿ ತಂಗಿ ಸುತ್ತಲಿನ ಬಯಲು ಹೊಲಗಳಲ್ಲಿ ಮೇಯುವ ಹಕ್ಕಿಗಳು. ಗುಡ್ಡ, ಕಾಡು, ತೋಟಗಳ ನಡುವಿನ ನಮ್ಮ ಇಕ್ಕಟ್ಟಿನ ಕೆರೆಗಳು ಅವಕ್ಕೆ ಒಗ್ಗುವುದಿಲ್ಲ. ಮಲೆನಾಡಿಗೆ ಬರುವ ವಲಸಿಗರಲ್ಲಿ ಹೆಚ್ಚಿನವು ಸಣ್ಣವು, ಗಮನಿಸದಿದ್ದರೆ ಕಾಣದಂಥವು. ಕೆರೆಯ ಪಕ್ಕದ ಸೊಪ್ಪಿನಬೆಟ್ಟಕ್ಕೆ ಹತ್ತು ಹೆಜ್ಜೆ ಒಳಗೆ ಹೋಗಿ ಕತ್ತೆತ್ತಿ ನಿಂತರೆ ಎಲೆಗಳ ನಡುವೆ ಎಲೆ ಬಣ್ಣದ ಉಲಿಯಕ್ಕಿಗಳು ಹುಳು ಹೆಕ್ಕುತ್ತಿರುತ್ತವೆ, ಬೂದು ಕಾಜಾಣ ಒಣ ಕೊಂಬೆಯಿಂದ ಹಾರಿ ಕೀಟ ಹಿಡಿದು ಅಲ್ಲಿಗೇ ಮರಳುತ್ತದೆ. ಹತ್ತು ಗ್ರಾಂ ತೂಗುವ ಒಂದು ಹಕ್ಕಿ ಹಿಮಾಲಯದಾಚೆಯಿಂದ ಹಾರಿಬಂದು ಅಡಿಕೆ ಕೊಯ್ಲಿನ ಗದ್ದಲದ ನಡುವೆ ಹೊಟ್ಟೆ ಹೊರೆಯುತ್ತಿದೆ ಎಂಬುದು ನನಗೆ ಹೆಬ್ಬಾತಿನ ಹಾರಾಟದಷ್ಟೇ ದೊಡ್ಡ ಸಂಗತಿ.

ಮಧ್ಯಾಹ್ನದ ಮೇಲೆ ಹೊಳೆಬಾಗಿಲಿಗೆ ಹೋಗೋಣ. ಲಾಂಚಿಗಾಗಿ ಸಾಲುಗಟ್ಟಿ ಕಾಯುತ್ತಿದ್ದ ಕಾಲ 2025ರ ಜುಲೈಗೆ ಮುಗಿಯಿತು. ಅಂಬಾರಗೋಡ್ಲು, ಕಳಸವಳ್ಳಿಯ ನಡುವೆ ಸೇತುವೆ ಬಂತು. ಸಿಗಂದೂರಿಗೆ ಹೋಗುವ ವಾಹನ ಈಗ ನಿಲ್ಲದೆ ಸಾಗುತ್ತದೆ. ಮುಳುಗಡೆಯಾದ ಊರುಗಳ ಜನರ ಕಥೆಯನ್ನು ಸಾಗರದ ನಾ. ಡಿಸೋಜ ಬರೆದರು. ಅದೇ ನೀರಿನಡಿ ಹೋದ ಗದ್ದೆ, ಜೌಗು, ಹೊಳೆದಂಡೆಗಳ ಹಕ್ಕಿಗಳ ಕಥೆಯನ್ನು ಬರೆದವರು ಕಡಿಮೆ.

ದುರ್ಬೀನು ಹಿಡಿದು ಹಿನ್ನೀರನ್ನು ಉದ್ದಕ್ಕೂ ನೋಡಿದರೆ ಬೋಳು ನೀರು ಕಾಣುತ್ತದೆ. ಇದು ಕಣಿವೆಗೆ ತುಂಬಿದ ನೀರು. ಅಂಚು ಕಡಿದಾಗಿ ಇಳಿಯುವಲ್ಲಿ ನಾಲ್ಕು ಹೆಜ್ಜೆಗೇ ಆಳ. ಅದಕ್ಕಿಂತ ದೊಡ್ಡ ತೊಡಕು ಮಟ್ಟದ ಏರಿಳಿತ. ವಿದ್ಯುತ್ತಿಗಾಗಿ ಇಲ್ಲಿಂದ ನೀರು ಹೋಗುತ್ತಲೇ ಇರುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ತುಂಬಿದರೆ ಸಮುದ್ರಮಟ್ಟದಿಂದ 1,819 ಅಡಿಗೆ ನಿಲ್ಲುವ ನೀರು ಬೇಸಿಗೆ ಕಳೆಯುವಷ್ಟರಲ್ಲಿ ಹತ್ತಾರು ಅಡಿ ಕೆಳಗಿಳಿದಿರುತ್ತದೆ. ಈ ವರ್ಷ ಅಂಚಾಗಿದ್ದ ಜಾಗ ನಾಲ್ಕು ತಿಂಗಳಲ್ಲಿ ಒಣ ನೆಲ, ಮತ್ತೆ ಮಳೆಗಾಲದಲ್ಲಿ ಆಳ ನೀರು. ಹೀಗಿರುವಾಗ ನೈದಿಲೆಗೆ, ಜೊಂಡಿಗೆ ನೆಲೆ ಸಿಗುವುದು ಕಷ್ಟ. ಗಿಡವಿಲ್ಲದಲ್ಲಿ ಹುಳುವಿಲ್ಲ, ಹುಳುವಿಲ್ಲದಲ್ಲಿ ಬಾತಿಗೆ ಕೆಲಸವಿಲ್ಲ.

ಹಾಗೆಂದು ಹಿನ್ನೀರು ಬರಡಲ್ಲ. ಮೇಲಿನಿಂದ ಎರಗುವವರಿಗೆ, ಆಳಕ್ಕೆ ಮುಳುಗುವವರಿಗೆ ಅಲ್ಲಿ ಜಾಗವಿದೆ. ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ನೇರ ಕೆಳಗೆ ಬೀಳುತ್ತದೆ. ರೀವ ನೀರಿನುದ್ದಕ್ಕೂ ಹಾರುತ್ತ ಮೇಲ್ಮಟ್ಟದ ಮೀನನ್ನು ಎತ್ತುತ್ತದೆ. ಚಳಿಗಾಲದ ಅತಿಥಿಯಾದ ಮೀನುಡೇಗೆ ಕಾಲು ಮುಂದೆ ಮಾಡಿ ಧುಮುಕಿ, ಹಿಡಿದ ಮೀನಿನ ತಲೆಯನ್ನು ಗಾಳಿಗೆದುರಾಗಿ ತಿರುಗಿಸಿಕೊಂಡು ಹಾರುವುದನ್ನು ನೋಡುವ ಪುಣ್ಯ ಇಂಥ ದೊಡ್ಡ ನೀರಿನಲ್ಲೇ ಸಿಗುವುದು. ಮುಳುಗಡೆಯಲ್ಲಿ ಸತ್ತು ನಿಂತ ಮರದ ಬೊಡ್ಡೆಗಳ ಮೇಲೆ ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಬಿಚ್ಚಿ ಕೂರುತ್ತವೆ. ಅವುಗಳ ಗರಿ ಬಾತಿನ ಗರಿಯಂತಲ್ಲ, ನೀರು ಹೀರುತ್ತದೆ. ಗರಿಯಲ್ಲಿ ಗಾಳಿ ನಿಲ್ಲದಿದ್ದರೆ ಮುಳುಗುವುದು ಸುಲಭ; ಅದರ ಬೆಲೆಯಾಗಿ ಆಮೇಲೆ ಬಿಸಿಲಿಗೆ ಒಣಗಿಸಬೇಕು. ಫೆಬ್ರವರಿ ದಾಟಿ ನೀರಿಳಿದ ಕಡೆ ಹುಲ್ಲು ಚಿಗುರಿದಾಗ ದನಗಳ ಹಿಂದೆ ಸಿಪಿಲೆಗಳು, ಟಿಟ್ಟಿಭಗಳು ಬರುತ್ತವೆ. ಅಂದರೆ ಆಗ ಹಿನ್ನೀರಿಗೂ ಸ್ವಲ್ಪ ಕಾಲ ತೆಳು ಅಂಚೊಂದು ಹುಟ್ಟಿಕೊಳ್ಳುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರಿಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರೀವಗಳು ನೂರಾರು ಸಂಖ್ಯೆಯಲ್ಲಿ ಮೊಟ್ಟೆಯಿಡುವುದೂ ಇದೇ ಲೆಕ್ಕಾಚಾರದಿಂದ.

ಈಗ ಗಣಪತಿ ಕೆರೆಯಂಥ ಹಳೆಯ ಕೆರೆಗಳ ರಚನೆಯನ್ನು ನೆನಪಿಸಿಕೊಳ್ಳಿ. ನಮ್ಮ ಹಿರಿಯರ ಕೆರೆಗೆ ಒಂದು ಕಡೆ ಮಾತ್ರ ಏರಿ. ಕಲ್ಲು ಕಟ್ಟುತ್ತಿದ್ದುದು ಅಲ್ಲಿ. ತೂಬು, ಆಳ ಎಲ್ಲ ಆ ಬದಿ. ಎದುರು ಬದಿಯಲ್ಲಿ ನೆಲ ನಿಧಾನವಾಗಿ ಏರುತ್ತ ಕೆರೆಯಂಗಳವಾಗಿ, ಆಮೇಲೆ ಗದ್ದೆಯೋ ಬ್ಯಾಣವೋ ಆಗುತ್ತಿತ್ತು. ನೀರು ಇಳಿದಂತೆ ತೆಳು ಅಂಚು ಅಂಗಳದುದ್ದಕ್ಕೂ ಜರುಗುತ್ತಿತ್ತು, ಹಕ್ಕಿಗಳೂ ಅದರ ಜೊತೆ ಜರುಗುತ್ತಿದ್ದವು. ನೀರಾವರಿಗೆಂದು ಮಾಡಿದ ಈ ರಚನೆಯಲ್ಲಿ ಮುಳುಗುವ ಹಕ್ಕಿಗೆ ಆಳ, ನಡೆಯುವ ಹಕ್ಕಿಗೆ ಅಂಗಳ ಎರಡೂ ಸಿಕ್ಕಿದವು. ಇವತ್ತು ಕೆರೆ ಅಭಿವೃದ್ಧಿ ಎಂದರೆ ಯಂತ್ರ ಇಳಿಸಿ ತಳವನ್ನೆಲ್ಲ ಒಂದೇ ಆಳಕ್ಕೆ ತೋಡುವುದು, ಸುತ್ತಲೂ ಕಡಿದಾದ ದಂಡೆ ಕಟ್ಟಿ ಕಲ್ಲು ಹೊದಿಸುವುದು, ಮೇಲೆ ನಡಿಗೆ ದಾರಿ, ದೀಪ. ಬೆಂಗಳೂರಿನ ಅನೇಕ ಕೆರೆಗಳು ಹೀಗೆ ಬಟ್ಟಲಿನ ಆಕಾರಕ್ಕೆ ಬಂದವು, ಸಣ್ಣ ಪೇಟೆಗಳೂ ಅದನ್ನೇ ಮಾದರಿ ಮಾಡಿಕೊಳ್ಳುತ್ತಿವೆ. ಹೂಳು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಊರಿಗೆ ನೀರು ಬೇಕು, ಬಾವಿಗೆ ಒರತೆ ಬೇಕು. ಆದರೆ ನಾಲ್ಕೂ ಬದಿಗೆ ಕಲ್ಲು ಕಟ್ಟಿದ ಕೆರೆ ಹಕ್ಕಿಯ ಪಾಲಿಗೆ ಇನ್ನೊಂದು ಸಣ್ಣ ಲಿಂಗನಮಕ್ಕಿ.

ಕೊಳಚೆಯ ಮಾತೂ ಇದೆ, ಅದು ಸ್ವಲ್ಪ ಜಟಿಲ. ಚರಂಡಿ ನೀರಿನ ಜೊತೆ ಬರುವ ರಂಜಕ, ಸಾರಜನಕಗಳಿಂದ ನೇರಳೆ ಹೂವಿನ ಜಲಕಳೆ ಹಬ್ಬಿ ನೀರನ್ನು ಮುಚ್ಚುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಕಳೆ ಇದು. ಕೆಳಗೆ ಬಿಸಿಲಿಲ್ಲ, ಕೊಳೆತ ಎಲೆ ಆಮ್ಲಜನಕವನ್ನು ಹೀರುತ್ತದೆ, ಮೀನು ಸಾಯುತ್ತದೆ. ಆದರೂ ಸ್ವಲ್ಪ ಕೊಳಚೆಯಿರುವ ಕೆಸರಿನಲ್ಲಿ ಹುಳು ಹೆಚ್ಚಿ ಮೆಟ್ಟುಗಾಲು ಹಕ್ಕಿಗಳು ಸಂಖ್ಯೆಯಲ್ಲಿ ಹೆಚ್ಚುವುದುಂಟು. ಹಕ್ಕಿ ತುಂಬಾ ಇದೆ, ಆದ್ದರಿಂದ ಕೆರೆ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಎಷ್ಟು ಹಕ್ಕಿ ಎಂಬುದರ ಜೊತೆ ಯಾವ ಯಾವ ಹಕ್ಕಿ, ಯಾವ ಆಳದಲ್ಲಿ ಎಂದೂ ಬರೆದಿಡಬೇಕು. ಮುಳುಗುವವು, ತೇಲುವವು, ನಡೆಯುವವು ಎಲ್ಲ ಇದ್ದರೆ ಕೆರೆಯ ಎಲ್ಲ ಭಾಗವೂ ಕೆಲಸ ಮಾಡುತ್ತಿದೆ ಎಂದರ್ಥ.

ಬರೆದಿಡುವುದು ಕಷ್ಟದ ಕೆಲಸವಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಜಲಪಕ್ಷಿ ಗಣತಿ ನಡೆಯುತ್ತಿದೆ, ಎಣಿಸುವವರಲ್ಲಿ ಹೆಚ್ಚಿನವರು ಸಾಮಾನ್ಯ ಆಸಕ್ತರೇ. ಹೀಗೆ ದೇಶದ ತುಂಬ ಜನ ಬರೆದ ಪಟ್ಟಿಗಳನ್ನು ಆಧರಿಸಿ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿ ವರದಿ ಬಂತು. 942 ಪ್ರಭೇದಗಳನ್ನು ಪರಿಶೀಲಿಸಿ 178ಕ್ಕೆ ತುರ್ತು ಗಮನ ಬೇಕೆಂದಿತು. ಶೇ 30 ಅಥವಾ ಅದಕ್ಕೂ ಹೆಚ್ಚು ಕುಸಿದಿವೆ ಎಂದು ಗುರುತಿಸಿದ 14 ಪ್ರಭೇದಗಳಲ್ಲಿ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವಿದೆ. ಬೆಳಿಗ್ಗೆ ಕೆರೆಯಂಚಿನಲ್ಲಿ ಹಿಂಭಾಗ ಕುಲುಕುತ್ತಿದ್ದ ಗದ್ದೆಗೊರವವೂ ಇದೆ. ಎಲ್ಲೆಲ್ಲೂ ಕಾಣುತ್ತದೆಂದು ಯಾರೂ ಎಣಿಸದೆ ಬಿಟ್ಟಿದ್ದರೆ ಅದು ಕಡಿಮೆಯಾದದ್ದೇ ತಿಳಿಯುತ್ತಿರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ನಿಮ್ಮ ಊರಿನ ಕೆರೆಯನ್ನು ಒಂದು ಜನವರಿಯ ಬೆಳಿಗ್ಗೆ ಸುತ್ತಿ, ಕಂಡ ಹಕ್ಕಿಗಳನ್ನು ಎಣಿಸಿ, ಯಾವ ಬದಿಯಲ್ಲಿ ಯಾವುದು ಇತ್ತೆಂದು ಬರೆಯಿರಿ. ಕೆರೆಯ ಹೂಳೆತ್ತುವ ಯೋಜನೆ ಬಂದಾಗ ಆ ಪಟ್ಟಿಯನ್ನು ಹಿಡಿದು ಪುರಸಭೆಗೋ ಪಂಚಾಯಿತಿಗೋ ಹೋಗಿ. ಏರಿಯ ಕಡೆ ಎಷ್ಟು ಬೇಕೋ ಅಷ್ಟು ಆಳ ಮಾಡಿ, ಕೆರೆಯಂಗಳದ ಬದಿಯನ್ನು ಮಾತ್ರ ಕಲ್ಲು ಕಟ್ಟದೆ, ದೀಪ ಹಾಕದೆ, ಇಳಿಜಾರಾಗಿಯೇ ಬಿಡಿ ಎಂದು ಕೇಳಿ. ಇದಕ್ಕೆ ಹೆಚ್ಚಿನ ಹಣ ಬೇಡ; ಒಂದು ಬದಿಯ ಕಲ್ಲಿನ ಖರ್ಚು ಉಳಿಯುತ್ತದೆ.